ತಾರತಮ್ಯದ ಎದುರು ಕಾನೂನು: ಎಲ್ಲಿ ಇದೆ, ಎಲ್ಲಿ ಇಲ್ಲ?

ಕಳೆದ ಸಂಚಿಕೆಯಲ್ಲಿ ನ್ಯಾಯಪಾಲನೆಯ ಕುರಿತ ಜುಮಾ ಖುತ್ಬಾದ ಸಾರಾಂಶವನ್ನು ಪ್ರಕಟಿಸಿದ್ದೆವು. ಅದನ್ನು ಓದಿದ ಭದ್ರಾವತಿಯ ಹಿರಿಯ ಓದುಗರೊಬ್ಬರು ಫೋನ್ ಮಾಡಿದ್ದರು. ಅವರ ಮಗಳು ನರ್ಸಿಂಗ್ ಮುಗಿಸಿ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ವಾರ ಬಿಟ್ಟು ವಾರ ರಾತ್ರಿ ಪಾಳಿ. ಆಸ್ಪತ್ರೆಯ ಹತ್ತಿರ ಒಂದು ಚಿಕ್ಕ ಮನೆ ಬಾಡಿಗೆಗೆ ಹಿಡಿದು ಜೊತೆಯ ಹುಡುಗಿಯೊಂದಿಗೆ ಇರೋಣವೆಂದು ಹುಡುಕಾಟ ಶುರುವಾಯಿತು. ಒಂದು ಮನೆ ಒಪ್ಪಿಗೆಯಾಯಿತು, ಅಡ್ವಾನ್ಸ್ ಮಾತೂ ಮುಗಿಯಿತು. ಕೊನೆಯಲ್ಲಿ ಮನೆಯ ಯಜಮಾನಿ, "ನಿನ್ನ ಹೆಸರೇನಮ್ಮ?" ಎಂದು ಕೇಳಿದರು. ಹುಡುಗಿ ಹೇಳಿದಳು. ಒಂದು ಕ್ಷಣ ಸುಮ್ಮನಿದ್ದು, "ಅಯ್ಯೋ, ನಮ್ಮ ಯಜಮಾನರು ಬೇರೆಯವರಿಗೆ ಮಾತು ಕೊಟ್ಟಿದ್ದಾರಂತಮ್ಮ" ಎಂದರು. ಮೂರು ವಾರ ಕಳೆದರೂ "ಮನೆ ಬಾಡಿಗೆಗೆ ಇದೆ" ಎಂಬ ಬೋರ್ಡು ಆ ಗೇಟಿನಲ್ಲಿ ಹಾಗೆಯೇ ಇತ್ತು. ಎರಡನೆಯ ಮನೆಯಲ್ಲಿ, "ನಾವು ಸಸ್ಯಾಹಾರಿಗಳಿಗೆ ಮಾತ್ರ ಕೊಡೋದು" ಎಂದರು. ಮೂರನೆಯ ಮನೆಯವರು ಬಾಗಿಲನ್ನೇ ಪೂರ್ತಿ ತೆರೆಯಲಿಲ್ಲ.

ಆ ತಂದೆ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಕಾನೂನು ಇಲ್ಲವಾ? ಸಂವಿಧಾನದಲ್ಲಿ ಎಲ್ಲರೂ ಸಮಾನರು ಅಂತ ಬರೆದಿದೆಯಲ್ಲ?"

ನಮಗೆ ಪರಿಚಯದ ವಕೀಲರಲ್ಲಿ ವಿಚಾರಿಸಿದೆವು. ಚಿಕ್ಕ ಉತ್ತರ ನಿರಾಶೆಯದು: ಮನೆ ಕೊಡದ ಆ ಯಜಮಾನರ ಮೇಲೆ ಹಾಕಬಹುದಾದ ಕೇಸು ಇಲ್ಲ. ಆದರೆ ದೊಡ್ಡ ಉತ್ತರ ಎಲ್ಲ ಕುಟುಂಬಗಳಿಗೂ ತಿಳಿದಿರಬೇಕಾದದ್ದು. ನಮ್ಮಲ್ಲಿ ಅನೇಕರು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತೇವೆ. ಕೆಲವರು "ಕಾನೂನೇ ನಮ್ಮ ಪರ ಇಲ್ಲ" ಎಂದು ಕೈಚೆಲ್ಲಿ, ಇರುವ ಹಕ್ಕನ್ನೂ ಬಿಟ್ಟುಕೊಡುತ್ತಾರೆ. ಇನ್ನು ಕೆಲವರು ಸಂವಿಧಾನದ ಹೆಸರು ಹೇಳಿದರೆ ಎಲ್ಲ ಬಾಗಿಲೂ ತೆರೆಯುತ್ತದೆಂದು ನಂಬಿ, ತೆರೆಯದ ಬಾಗಿಲ ಮುಂದೆ ಹಣವನ್ನೂ ಸಮಯವನ್ನೂ ಕಳೆಯುತ್ತಾರೆ. ಯಾವ ಬಾಗಿಲ ಮುಂದೆ ನಿಂತಿದ್ದೇವೆ ಎಂಬುದು ಮೊದಲು ಗೊತ್ತಾಗಬೇಕು. ಬಾಗಿಲುಗಳು ಮೂರು.

ಮೊದಲ ಬಾಗಿಲು: ಸರ್ಕಾರದ್ದು

ಸರ್ಕಾರಿ ಕಚೇರಿ, ಸರ್ಕಾರಿ ಶಾಲೆ, ಆಸ್ಪತ್ರೆ, ನಗರಪಾಲಿಕೆ, ಪೊಲೀಸ್ ಠಾಣೆ, ಸಾರ್ವಜನಿಕ ವಲಯದ ಕಾರ್ಖಾನೆ. ಇಲ್ಲಿ ಕಾನೂನಿನ ರಕ್ಷಣೆ ಬಲವಾಗಿದೆ. ಸಂವಿಧಾನದ 14ನೇ ವಿಧಿಯ ಪ್ರಕಾರ ಕಾನೂನಿನ ಮುಂದೆ ಎಲ್ಲರೂ ಸಮಾನರು. 15ನೇ ವಿಧಿಯ ಮೊದಲ ಭಾಗದ ಪ್ರಕಾರ ಸರ್ಕಾರವು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣಕ್ಕೆ ಯಾವ ಪ್ರಜೆಯ ವಿರುದ್ಧವೂ ತಾರತಮ್ಯ ಮಾಡುವಂತಿಲ್ಲ. 16ನೇ ವಿಧಿ ಇದನ್ನೇ ಸರ್ಕಾರಿ ನೌಕರಿಗೆ ಅನ್ವಯಿಸುತ್ತದೆ. 29ನೇ ವಿಧಿಯ ಎರಡನೆಯ ಭಾಗದ ಪ್ರಕಾರ, ಸರ್ಕಾರ ನಡೆಸುವ ಅಥವಾ ಸರ್ಕಾರದ ಅನುದಾನ ಪಡೆಯುವ ಶಿಕ್ಷಣ ಸಂಸ್ಥೆಗಳು ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣ ಹೇಳಿ ಪ್ರವೇಶ ನಿರಾಕರಿಸುವಂತಿಲ್ಲ. ಇದು ಮುರಿದರೆ 226ನೇ ವಿಧಿಯಡಿ ನೇರವಾಗಿ ಹೈಕೋರ್ಟಿಗೆ ಹೋಗಬಹುದು.

ಈ ಬಾಗಿಲಿನ ಬೆಲೆ ಏನೆಂದು ಭದ್ರಾವತಿಯ ಹಳೆಯ ಕುಟುಂಬಗಳಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಎರಡೂ ಸರ್ಕಾರದ ಕೈಯಲ್ಲಿದ್ದ ದಿನಗಳಲ್ಲಿ ನಮ್ಮ ಅಜ್ಜಂದಿರು, ತಂದೆಯಂದಿರು ಅಲ್ಲಿ ಫಿಟ್ಟರ್, ವೆಲ್ಡರ್, ಕ್ರೇನ್ ಆಪರೇಟರ್ ಆಗಿ ದುಡಿದರು. ಅವರು ವಾಸವಿದ್ದ ಕ್ವಾರ್ಟರ್ಸ್‌ ಸಾಲಿನಲ್ಲಿ ಪಕ್ಕದ ಮನೆ ಯಾರದು ಎಂದು ತೀರ್ಮಾನಿಸುತ್ತಿದ್ದದ್ದು ನೌಕರಿಯ ದರ್ಜೆ ಮತ್ತು ಹಿರಿತನ. ನ್ಯೂಟೌನಿನಲ್ಲೂ ಕಾಗದನಗರದಲ್ಲೂ ಯುಗಾದಿಯ ಹೋಳಿಗೆ, ಈದಿನ ಶೀರ್‌ಕುರ್ಮ, ಕ್ರಿಸ್ಮಸ್ ಕೇಕು ಒಂದೇ ಗೋಡೆಯ ಆಚೀಚೆ ಹೋಗುತ್ತಿದ್ದವು. ಅದು ಜನರ ಒಳ್ಳೆಯತನ ಮಾತ್ರವಾಗಿರಲಿಲ್ಲ. ಆ ಗೇಟಿನಲ್ಲಿ 16ನೇ ವಿಧಿ ಕಾವಲು ನಿಂತಿತ್ತು.

ಈಗ ಕಾಗದ ಕಾರ್ಖಾನೆ ನಿಂತು ವರ್ಷಗಳಾಗಿವೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಖಾಯಂ ನೌಕರಿ ಕರಗಿ ಗುತ್ತಿಗೆ ಕೆಲಸ ಬಂದಿದೆ. ಮಕ್ಕಳು ಖಾಸಗಿ ಅಂಗಡಿ, ಶೋರೂಮ್, ಆಸ್ಪತ್ರೆಗಳತ್ತ ಹೋಗುತ್ತಿದ್ದಾರೆ. ತಂದೆ ಒಳಹೋದ ಗೇಟಿನಲ್ಲಿ ಸಂವಿಧಾನ ನಿಂತಿತ್ತು. ಮಗಳು ಕೆಲಸ ಕೇಳುವ ಬಾಗಿಲಲ್ಲಿ ಅದು ನಿಂತಿಲ್ಲ. ಕಾನೂನು ಬದಲಾಗಲಿಲ್ಲ, ನಾವು ದುಡಿಯುವ ಜಾಗ ಬದಲಾಯಿತು.

ಸರ್ಕಾರಿ ಬಾಗಿಲಿನಲ್ಲೂ ಎಲ್ಲವೂ ಇತ್ಯರ್ಥವಾಗಿಲ್ಲ ಎಂಬುದನ್ನೂ ಹೇಳಬೇಕು. ತಲೆವಸ್ತ್ರದ ವಿಷಯದಲ್ಲಿ 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ಹೈಕೋರ್ಟ್ ಮಾರ್ಚ್ 15ರಂದು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದ್ದರಿಂದ ಪ್ರಶ್ನೆ ವಿಸ್ತೃತ ಪೀಠಕ್ಕೆ ಹೋಗಬೇಕೆಂದಾಯಿತು. ಆದರೆ ಅಲ್ಲಿ ಕೇಳಲು ಒಂದು ನ್ಯಾಯಾಲಯವಿದೆ, ಹಿಡಿಯಲು ಒಂದು ವಿಧಿಯಿದೆ. ಮುಂದಿನ ಎರಡು ಬಾಗಿಲುಗಳಲ್ಲಿ ಅಷ್ಟೂ ಇಲ್ಲ.

ಎರಡನೆಯ ಬಾಗಿಲು: ಅಂಗಡಿ, ಹೋಟೆಲ್, ಬೀದಿ

15ನೇ ವಿಧಿಗೆ ಎರಡನೆಯ ಭಾಗವೊಂದಿದೆ. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್, ಮನರಂಜನೆಯ ಸ್ಥಳ, ಸಾರ್ವಜನಿಕ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವುಗಳಿಂದ ಧರ್ಮ ಅಥವಾ ಜಾತಿಯ ಕಾರಣಕ್ಕೆ ಯಾರನ್ನೂ ದೂರವಿಡುವಂತಿಲ್ಲ. ಈ ಭಾಗ ಸರ್ಕಾರವನ್ನು ಮಾತ್ರವಲ್ಲ, ಖಾಸಗಿಯವರನ್ನೂ ಕಟ್ಟಿಹಾಕುತ್ತದೆ. ಸಂವಿಧಾನ ರಚನಾ ಸಭೆಯಲ್ಲಿ 1948ರ ನವೆಂಬರ್ 29ರಂದು ಇದು ಚರ್ಚೆಗೆ ಬಂದಾಗ "ಅಂಗಡಿ" ಎಂದರೆ ಏನೇನು ಎಂಬ ಪ್ರಶ್ನೆ ಎದ್ದಿತು. ಹಣ ಪಡೆದು ಸೇವೆ ಕೊಡುವ ಕಡೆಯನ್ನೆಲ್ಲ ಒಳಗೊಳ್ಳುವಂತೆ ಆ ಪದವನ್ನು ವಿಶಾಲ ಅರ್ಥದಲ್ಲಿ ಬಳಸಿದೆ ಎಂದು ಡಾ. ಅಂಬೇಡ್ಕರ್ ಉತ್ತರಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ವಿಶಾಲ ಅರ್ಥವನ್ನೇ ಹಿಡಿಯಿತು.

ಹಕ್ಕು ಇದೆ. ಅದನ್ನು ಮುರಿದವರಿಗೆ ಶಿಕ್ಷೆ? ತಡೆಯಾಗುವುದು ಇಲ್ಲೇ.

1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದನ್ನು ಬಲಪಡಿಸಿ "ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ" ಎಂದು ಹೊಸ ಹೆಸರಿಟ್ಟರು. ಹೆಸರು ಕೇಳಿದರೆ ಎಲ್ಲ ನಾಗರಿಕರ ಎಲ್ಲ ಹಕ್ಕುಗಳಿಗೂ ಸಂಬಂಧಿಸಿದ್ದೆನಿಸುತ್ತದೆ. ಆದರೆ ಅದರ 2ನೇ ಕಲಂ ತೆರೆದು ನೋಡಿದರೆ, "ನಾಗರಿಕ ಹಕ್ಕು" ಎಂದರೆ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದರಿಂದ ದೊರೆತ ಹಕ್ಕು ಎಂದಷ್ಟೇ ಅರ್ಥ. 4ನೇ ಕಲಂ ಅಂಗಡಿ, ಹೋಟೆಲ್, ಬಾವಿ, ಉದ್ಯೋಗ, ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಪಡೆಯುವುದು ಎಲ್ಲವನ್ನೂ ಹೆಸರಿಸುತ್ತದೆ. ಅಡ್ಡಿ ಮಾಡಿದವರಿಗೆ 1 ತಿಂಗಳಿಂದ 6 ತಿಂಗಳವರೆಗೆ ಜೈಲು, ಜೊತೆಗೆ ದಂಡ. ಆದರೆ ಅಡ್ಡಿಗೆ ಕಾರಣ ಅಸ್ಪೃಶ್ಯತೆಯಾಗಿರಬೇಕು. ಧರ್ಮದ ಕಾರಣಕ್ಕೆ ಅದೇ ಅಡ್ಡಿ ಮಾಡಿದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನಮ್ಮ ರಾಜ್ಯದಲ್ಲಿ "ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ" ಎಂಬ ಪೊಲೀಸ್ ವಿಭಾಗವಿದೆ. ಆ ಹೆಸರನ್ನು ನಂಬಿ ನಮ್ಮ ನರ್ಸ್ ಮಗಳು ಅಲ್ಲಿಗೆ ಹೋಗಿದ್ದರೆ ಅವಳ ಅರ್ಜಿ ಅಲ್ಲಿ ನಿಲ್ಲುತ್ತಿರಲಿಲ್ಲ. ಆ ವಿಭಾಗದ ಕೆಲಸ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ರಕ್ಷಣೆಗೆ ಸಂಬಂಧಿಸಿದ್ದು.

ಇದನ್ನು ಓದಿ ದಲಿತ ಸಹೋದರರ ಬಗ್ಗೆ ಯಾರೂ ಅಸೂಯೆ ಪಡಬಾರದು. ಅವರು ಅನುಭವಿಸಿದ್ದು ನಾವು ಊಹಿಸಲಾಗದ್ದು. ಕಾನೂನು ಪುಸ್ತಕದಿಂದ ಬೀದಿಗೆ ಇಳಿದದ್ದೂ ಅವರ ಹೋರಾಟದಿಂದಲೇ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ನಮ್ಮದೇ ಭದ್ರಾವತಿಯಲ್ಲಿ. ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಇಲ್ಲಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು. ನಾವು ಕಲಿಯಬೇಕಾದದ್ದು ಇದನ್ನು: ಒಂದು ಅನ್ಯಾಯಕ್ಕೆ ಹೆಸರು ಕೊಟ್ಟು, ಶಿಕ್ಷೆ ನಿಗದಿ ಮಾಡಿ, ಅದಕ್ಕೊಂದು ಕಚೇರಿ ತೆರೆಯಲು ಈ ದೇಶದ ಕಾನೂನಿಗೆ ಬರುತ್ತದೆ. ಧರ್ಮದ ಕಾರಣಕ್ಕೆ ಆಗುವ ತಾರತಮ್ಯಕ್ಕೆ ಅದು ಇನ್ನೂ ಆ ಕೆಲಸ ಮಾಡಿಲ್ಲ.

ಕೋಟೆ ಮಾರಿಕಾಂಬ ಜಾತ್ರೆಯ ಪ್ರಸಂಗ

ಈ ತೆರಪು ನಮ್ಮ ಕಣ್ಣ ಮುಂದೆಯೇ ಒಮ್ಮೆ ತೆರೆದುಕೊಂಡಿತ್ತು. ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಬಳೆ, ಆಟಿಕೆ, ಪಾತ್ರೆ ಮಾರುವ ನಮ್ಮ ಎಷ್ಟೋ ಕುಟುಂಬಗಳಿಗೆ ಇಂಥ ಜಾತ್ರೆಗಳ ನಾಲ್ಕೈದು ದಿನದ ದುಡಿಮೆಯೇ ಮಳೆಗಾಲದ ಆಸರೆ. 2022ರ ಮಾರ್ಚ್‌ನಲ್ಲಿ ಜಾತ್ರೆ ಶುರುವಾಗುವ ಹೊತ್ತಿಗೆ, ಮುಸ್ಲಿಮರಿಗೆ ಮಳಿಗೆ ಕೊಡಬಾರದೆಂದು ಕೆಲವು ಸಂಘಟನೆಗಳು ಒತ್ತಾಯಿಸಿದವು. ಫೆಬ್ರವರಿಯ ಕೊಲೆ, ಅದರ ಹಿಂದೆಯೇ ನಡೆದ ಗಲಭೆ, ಕರ್ಫ್ಯೂಗಳಿಂದ ಊರು ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಜಾತ್ರೆ ಸುಗಮವಾಗಿ ನಡೆಯಲೆಂದು ಸಮಿತಿ ಆ ಒತ್ತಾಯಕ್ಕೆ ಮಣಿಯಿತೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಉಡುಪಿ, ದಕ್ಷಿಣ ಕನ್ನಡದ ಜಾತ್ರೆಗಳಲ್ಲೂ ಇಂಥದೇ ಬ್ಯಾನರುಗಳು ಕಂಡವು.

ವಿಷಯ ವಿಧಾನಸಭೆಯಲ್ಲಿ ಪ್ರಸ್ತಾಪವಾದಾಗ ಆಗಿನ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿಯವರು ಒಂದು ನಿಯಮವನ್ನು ಮುಂದಿಟ್ಟರು. ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ 1997ರ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮಗಳಲ್ಲಿ, ದೇವಸ್ಥಾನದ ಸಮೀಪದ ಜಾಗ ಮತ್ತು ಕಟ್ಟಡಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದೆಂದಿದೆ. ದೇವಸ್ಥಾನದ ಆವರಣದ ಹೊರಗೆ ಇಂಥ ನಿರ್ಬಂಧ ಹಾಕಿದ್ದರೆ ಸರಿಪಡಿಸುತ್ತೇವೆ ಎಂಬ ಅರ್ಥದ ಮಾತನ್ನೂ ಅವರು ಹೇಳಿದರು.

ಇಲ್ಲಿ ಮೂರು ಜಾಗಗಳಿವೆ, ಮೂರನ್ನೂ ಬೆರೆಸಬಾರದು. ಗುಡಿಯ ಒಳಗಿನ ಆಚರಣೆ ಭಕ್ತರದ್ದು, ಅಲ್ಲಿ ನಮ್ಮ ಹಕ್ಕಿನ ಮಾತೇ ಇಲ್ಲ. ಗುಡಿಗೆ ಸೇರಿದ ಜಾಗಕ್ಕೆ ಆ ನಿಯಮವಿದೆ. ನಾಲ್ಕು ದಿನದ ಮಳಿಗೆಯೂ "ಗುತ್ತಿಗೆ"ಯೇ, ಆ ನಿಯಮ ಸಂವಿಧಾನಕ್ಕೆ ಹೊಂದುತ್ತದೆಯೇ ಎಂಬುದು ವಾದಿಸಬೇಕಾದ ಪ್ರಶ್ನೆ. ಮೂರನೆಯದು ಬೀದಿ. ಅದು ನಗರಪಾಲಿಕೆಯದು, ಎಲ್ಲರದು. ಅಲ್ಲಿ ಯಾರು ಕೂತು ವ್ಯಾಪಾರ ಮಾಡಬೇಕೆಂದು ಯಾವ ಸಂಘಟನೆಯೂ ಹೇಳುವಂತಿಲ್ಲ.

ಬೀದಿಗೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯಿದೆ. ಅದರಡಿ ಪ್ರತಿ ನಗರದಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಕನಿಷ್ಠ 40 ಶೇಕಡ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು. ಅಲ್ಪಸಂಖ್ಯಾತರಿಗೂ ಪ್ರಾತಿನಿಧ್ಯ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. 5 ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು. ಮೊದಲಿನಿಂದ ಜನ ಸೇರಿ ಕೊಳ್ಳುವ, ಮಾರುವ ಜಾಗವನ್ನು ಸಮಿತಿಯ ಶಿಫಾರಸಿನ ಮೇಲೆ "ಸಹಜ ಮಾರುಕಟ್ಟೆ" ಎಂದು ಗುರುತಿಸುವ ಅವಕಾಶವೂ ಇದೆ. ನಮ್ಮ ತಳ್ಳುಗಾಡಿಯ ಸಹೋದರರಲ್ಲಿ ಎಷ್ಟು ಜನರ ಬಳಿ ಈ ಪ್ರಮಾಣಪತ್ರವಿದೆ? ಇಲ್ಲದವನು "ನಾನಿಲ್ಲಿ ಇಪ್ಪತ್ತು ವರ್ಷದಿಂದ ಕೂರುತ್ತಿದ್ದೇನೆ" ಎನ್ನಬಹುದು, ಕಾಗದ ತೋರಿಸಲಾರ. ಜಾತ್ರೆಯ ಹಿಂದಿನ ದಿನ ಓಡಾಡುವುದಕ್ಕಿಂತ ಸಮೀಕ್ಷೆಯ ದಿನ ಹೆಸರು ಬರೆಸುವುದು ದೊಡ್ಡ ರಕ್ಷಣೆ.

ಇನ್ನೊಂದು ಅಂಶ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಒಬ್ಬ ಅಂಗಡಿಯವನು ಸುಮ್ಮನೆ ನಿರಾಕರಿಸಿದರೆ ಅದು ಅಪರಾಧವಾಗದಿರಬಹುದು. ಆದರೆ ಒಂದು ಧರ್ಮದವರಿಗೆ ಪ್ರಜೆಗಳಾಗಿ ಇರುವ ಹಕ್ಕುಗಳನ್ನು ಕೊಡಬಾರದೆಂದು ಬಹಿರಂಗವಾಗಿ ಪ್ರಚಾರ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 197ನೇ ಕಲಮಿನಡಿ ಅಪರಾಧ, 3 ವರ್ಷದವರೆಗೆ ಶಿಕ್ಷೆಯಿದೆ. ಹಳೆಯ ದಂಡ ಸಂಹಿತೆಯಲ್ಲಿ ಇದು 153ಬಿ ಆಗಿತ್ತು. ಇಲ್ಲಿಯೂ ಒಂದು ತೊಡಕಿದೆ: ಸರ್ಕಾರದ ಪೂರ್ವಾನುಮತಿ ಇಲ್ಲದೆ ನ್ಯಾಯಾಲಯ ಇಂಥ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ.

ಮೂರನೆಯ ಬಾಗಿಲು: ಬಾಡಿಗೆ ಮನೆ, ಖಾಸಗಿ ನೌಕರಿ

ಆ ತಂದೆ ಕೇಳಿದ ಪ್ರಶ್ನೆ ಈ ಬಾಗಿಲಿನದು. ವಾಸದ ಮನೆ 15ನೇ ವಿಧಿಯ ಎರಡನೆಯ ಭಾಗದ ಪಟ್ಟಿಯಲ್ಲಿ ಇಲ್ಲ. ಖಾಸಗಿ ನೌಕರಿಯೂ ಇಲ್ಲ. ಮನೆ ಕೊಡಲು ಅಥವಾ ಕೆಲಸಕ್ಕೆ ಸೇರಿಸಿಕೊಳ್ಳಲು ಧರ್ಮದ ಕಾರಣಕ್ಕೆ ನಿರಾಕರಿಸುವುದನ್ನು ನೇರವಾಗಿ ನಿಷೇಧಿಸುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. 2005ರಲ್ಲಿ ಗುಜರಾತಿನ ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘವೊಂದರ ಪ್ರಕರಣದಲ್ಲಿ, ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೆ ಮಾತ್ರ ಸೀಮಿತಗೊಳಿಸುವ ಸಂಘದ ನಿಯಮವನ್ನು ಸುಪ್ರೀಂ ಕೋರ್ಟ್ ಒಪ್ಪಿತು. 2023ರ ಜನವರಿಯಲ್ಲಿ ಸಂವಿಧಾನ ಪೀಠವೊಂದು 19 ಮತ್ತು 21ನೇ ವಿಧಿಗಳ ಹಕ್ಕುಗಳನ್ನು ಖಾಸಗಿಯವರ ವಿರುದ್ಧವೂ ಕೇಳಬಹುದೆಂದು ಬಹುಮತದಿಂದ ಹೇಳಿದೆ. ಅದು ಒಂದು ಕಿಂಡಿ. ಬಾಡಿಗೆ ಮನೆ ಹುಡುಕುವ ಹುಡುಗಿ ಅದರಲ್ಲಿ ನುಸುಳಿ ಒಳಹೋಗುವುದು ಸುಲಭವಲ್ಲ.

ಖಾಸಗಿಯವರಿಗೆ ಕಾನೂನು ಹೇಳಲಾಗದು ಎಂದೇನೂ ಅಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಖಾಸಗಿ ಸಂಸ್ಥೆಗಳನ್ನೂ ಒಳಗೊಂಡಿದೆ. ಎಚ್‌ಐವಿ ಪೀಡಿತರ ಕುರಿತ 2017ರ ಕಾಯ್ದೆ ಉದ್ಯೋಗ, ಶಿಕ್ಷಣ, ಚಿಕಿತ್ಸೆಗಳ ಜೊತೆ ಬಾಡಿಗೆ ಮನೆಯ ವಿಷಯದಲ್ಲೂ ತಾರತಮ್ಯವನ್ನು ನಿಷೇಧಿಸುತ್ತದೆ. ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆಯೂ ಅಮೆರಿಕದಲ್ಲಿ 1968ರ ವಸತಿ ಕಾಯ್ದೆಯೂ ಧರ್ಮದ ಕಾರಣಕ್ಕೆ ಮನೆ ನಿರಾಕರಿಸುವುದನ್ನು ತಡೆಯುತ್ತವೆ. ನಮ್ಮ ದೇಶದಲ್ಲೂ ಈ ಮಾತು ಹೊಸದಲ್ಲ. 2006ರ ಸಾಚಾರ್ ಸಮಿತಿ ವರದಿ ತಾರತಮ್ಯದ ದೂರುಗಳನ್ನು ಕೇಳಲು ಸಮಾನ ಅವಕಾಶ ಆಯೋಗ ಬೇಕೆಂದು ಶಿಫಾರಸು ಮಾಡಿತು. 2008ರಲ್ಲಿ ಪ್ರೊ. ಎನ್.ಆರ್. ಮಾಧವ ಮೆನನ್ ಅವರ ತಜ್ಞರ ತಂಡ ಅದಕ್ಕೆ ಕರಡು ಮಸೂದೆಯನ್ನೂ ಬರೆದುಕೊಟ್ಟಿತು. ಸಂಸದ ಶಶಿ ತರೂರ್ ಅವರು ತಾರತಮ್ಯ ವಿರೋಧಿ ಖಾಸಗಿ ಮಸೂದೆಯನ್ನು ಲೋಕಸಭೆಗೆ ತಂದರು. ಯಾವುದೂ ಕಾನೂನಾಗಲಿಲ್ಲ.

ದೆಹಲಿಯನ್ನೇ ಕಾಯಬೇಕಾಗಿಯೂ ಇಲ್ಲ. ಮನೆ ಬಾಡಿಗೆಗೆ ರಾಜ್ಯದ್ದೇ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ರಾಜ್ಯದ್ದೇ 1961ರ ಕಾಯ್ದೆ ಇದೆ. ಜಾತಿ, ಧರ್ಮ ಅಥವಾ ಆಹಾರದ ನೆಪದಲ್ಲಿ ಬಾಡಿಗೆಗೂ ಕೆಲಸಕ್ಕೂ ನಿರಾಕರಿಸುವಂತಿಲ್ಲ ಎಂಬ ಒಂದೊಂದು ಕಲಮನ್ನು ಇವೆರಡಕ್ಕೂ ಸೇರಿಸಬೇಕೆಂದು ವಿಧಾನಸಭೆಯನ್ನು ಕೇಳಬಹುದು. ಚುನಾವಣೆಯ ಸಮಯದಲ್ಲಿ ನಮ್ಮ ಮೊಹಲ್ಲಾಗಳಿಗೆ ಬರುವ ಅಭ್ಯರ್ಥಿಗಳಿಂದ ನಾವು ಕಬರಸ್ಥಾನದ ಕಾಂಪೌಂಡು, ಶಾದಿಮಹಲಿನ ಮೇಲ್ಛಾವಣಿ ಕೇಳುತ್ತೇವೆ. ಈ ಎರಡು ಕಲಮುಗಳನ್ನು ಯಾರಾದರೂ ಕೇಳಿದ್ದನ್ನು ನಾವು ಕಂಡಿಲ್ಲ. ನಾವೂ ಕೇಳಿರಲಿಲ್ಲ.

ಇರುವುದನ್ನು ಬಳಸುವುದು

ಕಾನೂನು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ವಕೀಲರು ನಮಗೆ ಹೇಳಿದ್ದನ್ನು ಸರಳವಾಗಿ ಕೊಡುತ್ತೇವೆ.

ಏನೇ ಆಗಲಿ ಮೊದಲು ಬರೆದಿಡಿ: ದಿನಾಂಕ, ಸಮಯ, ಸ್ಥಳ, ಯಾರು ಏನೆಂದರು. ಮೆಸೇಜು ಬಂದಿದ್ದರೆ ಅಳಿಸಬೇಡಿ. ಸರ್ಕಾರಿ ಕಚೇರಿಯಲ್ಲಿ "ಆಗುವುದಿಲ್ಲ" ಎಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಸರ್ಕಾರಿ ನೌಕರರಿಂದ ಅನ್ಯಾಯವಾಗಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಘಟನೆ ನಡೆದ 1 ವರ್ಷದೊಳಗೆ ದೂರು ಕೊಡಿ. ರಾಜ್ಯ ಅಲ್ಪಸಂಖ್ಯಾತರ ಆಯೋಗಕ್ಕೂ ಬರೆಯಿರಿ.

ಹಣ ಕೊಟ್ಟ ಮೇಲೆ ಸೇವೆ ನಿರಾಕರಿಸಿದರೆ, ಉದಾಹರಣೆಗೆ ಮೊದಲೇ ಬುಕ್ ಮಾಡಿದ್ದ ಲಾಡ್ಜಿನವರು ಹೆಸರು ನೋಡಿ ರೂಮು ಇಲ್ಲವೆಂದರೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುವ ದಾರಿಯಿದೆ.

ವಕೀಲರ ಫೀಸಿಗೆ ಹೆದರಿ ಹಿಂಜರಿಯಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಕಾರ್ಖಾನೆಯ ಕಾರ್ಮಿಕರು, ವಿಕಲಚೇತನರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿಯಿದೆ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಭದ್ರಾವತಿಯಲ್ಲಿ ತಾಲ್ಲೂಕು ಸಮಿತಿ ಇವೆ. ಸಹಾಯವಾಣಿ 15100. ನಮ್ಮ ತಾಯಂದಿರು, ಹೆಣ್ಣುಮಕ್ಕಳು ಈ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಲಿ.

ಒಂದು ಎಚ್ಚರಿಕೆ. ಸಿಟ್ಟಿನಲ್ಲಿ ಮನೆಯ ಫೋಟೋ, ಯಜಮಾನರ ಹೆಸರು ಹಾಕಿ ವಾಟ್ಸಾಪಿನಲ್ಲಿ ಹರಿಬಿಡಬೇಡಿ. ಅನ್ಯಾಯಕ್ಕೊಳಗಾದವರು ಒಂದು ರಾತ್ರಿಯಲ್ಲಿ ಆರೋಪಿಗಳಾಗುವುದನ್ನು ನೋಡಿದ್ದೇವೆ.

ನಮ್ಮ ಬಾಗಿಲು

ಕಳೆದ ತಿಂಗಳ ಖುತ್ಬಾದಲ್ಲಿ ಖತೀಬರು ಹಿಲ್ಫುಲ್ ಫುಝೂಲ್ ಒಪ್ಪಂದವನ್ನು ನೆನಪಿಸಿದ್ದರು. ಯಮನಿನಿಂದ ಮಕ್ಕಾಕ್ಕೆ ಬಂದ ವ್ಯಾಪಾರಿಯೊಬ್ಬನಿಂದ ಊರಿನ ಪ್ರಬಲನೊಬ್ಬ ಸರಕು ಪಡೆದು ಹಣ ಕೊಡಲಿಲ್ಲ. ಅವನಿಗೆ ಅಲ್ಲಿ ಕುಲದ ಬಲವಿರಲಿಲ್ಲ, ಕೇಳುವವರಿರಲಿಲ್ಲ. ಆಗ ಮಕ್ಕಾದ ಕೆಲವರು ಅಬ್ದುಲ್ಲಾ ಬಿನ್ ಜುದ್‌ಆನರ ಮನೆಯಲ್ಲಿ ಸೇರಿ, ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವವರೆಗೆ ಅವನ ಜೊತೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಪ್ರವಾದಿ ಮುಹಮ್ಮದ್(ಸ) ಅವರು ಪ್ರವಾದಿತ್ವ ದೊರೆಯುವ ಮೊದಲೇ ಅದರಲ್ಲಿ ಪಾಲ್ಗೊಂಡಿದ್ದರು. ಅಂಥ ಒಪ್ಪಂದಕ್ಕೆ ಈಗ ಕರೆದರೂ ಹೋಗುತ್ತೇನೆಂದು ನಂತರವೂ ಹೇಳಿದರು. ಕಾನೂನು ಇಲ್ಲದ ಜಾಗದಲ್ಲಿ ಕಾನೂನು ಕಟ್ಟಿದ ಕೆಲಸವದು. ಅದು ಒಂದು ಕುಲಕ್ಕಾಗಿ ಮಾಡಿದ್ದಲ್ಲ.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 135ನೇ ವಚನ, ನ್ಯಾಯಕ್ಕೆ ಸಾಕ್ಷಿ ನುಡಿಯುವಾಗ ಅದು ನಮಗೆ, ನಮ್ಮ ಹೆತ್ತವರಿಗೆ, ನಮ್ಮ ಬಂಧುಗಳಿಗೆ ವಿರುದ್ಧವಾದರೂ ಹಿಂಜರಿಯಬಾರದೆಂದು ಆಜ್ಞಾಪಿಸುತ್ತದೆ. ಹಾಗಾದರೆ ನಮ್ಮನ್ನೇ ಕೇಳಿಕೊಳ್ಳೋಣ. ನಮ್ಮ ಮೊಹಲ್ಲಾದಲ್ಲಿ ಖಾಲಿ ಮನೆ ಇದ್ದು, ಪೌರಕಾರ್ಮಿಕ ಕುಟುಂಬವೊಂದು ಬಾಡಿಗೆಗೆ ಕೇಳಿಕೊಂಡು ಬಂದರೆ ನಾವು ಏನೆನ್ನುತ್ತೇವೆ? ನಮ್ಮ ಬಾಯಲ್ಲೂ "ಬೇರೆಯವರಿಗೆ ಮಾತು ಕೊಟ್ಟಿದ್ದೇವೆ" ಎಂಬ ಉತ್ತರ ಬಂದಿಲ್ಲವೇ? ಅಸ್ಪೃಶ್ಯತೆಯ ಕಾರಣಕ್ಕೆ ನಿರಾಕರಿಸಿದ್ದಾದರೆ 1955ರ ಕಾಯ್ದೆ ಮುಸ್ಲಿಂ ಯಜಮಾನನನ್ನೂ ಬಿಡುವುದಿಲ್ಲ. ನಮ್ಮೊಳಗೆ ಪಿಂಜಾರರೆಂದು, ಕಸಾಯಿಗಳೆಂದು ಹೀಗಳೆದು ಸಂಬಂಧ ತಪ್ಪಿಸುವವರು ಇಲ್ಲವೇ? ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹಳಿದ ಅಬೂದರ್(ರ) ಅವರಂಥ ಮಹನೀಯರಿಗೂ, ನಿಮ್ಮಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದರು. ನಾವು ಯಾವ ಲೆಕ್ಕ?

ನಾವು ಕೇಳುವ ಕಾನೂನು ಬಂದರೆ ಅದು ನಮ್ಮ ಗೇಟಿಗೂ ಅನ್ವಯವಾಗುತ್ತದೆ. ಆಗಬೇಕು. ಹಾಗೆ ಒಪ್ಪಿ ಕೇಳಿದಾಗಲೇ ನಮ್ಮ ಬೇಡಿಕೆಗೆ ತೂಕ ಬರುತ್ತದೆ. ಆಗಲೇ ದಲಿತ ಸಂಘಟನೆಗಳ ಬಳಿಗೆ, ಕಾರ್ಮಿಕ ಸಂಘಗಳ ಬಳಿಗೆ, ಬೆಂಗಳೂರಿನಲ್ಲಿ ಮನೆ ಸಿಗದೆ ಅಲೆಯುವ ಈಶಾನ್ಯ ರಾಜ್ಯಗಳ ಯುವಕರ ಬಳಿಗೆ ನಾವು ತಲೆಯೆತ್ತಿ ಹೋಗಬಹುದು.

ಆ ನರ್ಸ್ ಮಗಳಿಗೆ ಕೊನೆಗೆ ಮನೆ ಸಿಕ್ಕಿತು, ನಮ್ಮವರೇ ಇರುವ ಮೊಹಲ್ಲಾದಲ್ಲಿ, ಆಸ್ಪತ್ರೆಯಿಂದ ದೂರ. ಮೊದಲು ನೋಡಿದ್ದ ಮನೆಗಿಂತ ಬಾಡಿಗೆ ಒಂದೂವರೆ ಸಾವಿರ ಹೆಚ್ಚು. ಬೇರೆ ಕಡೆ ಸಿಗುವುದಿಲ್ಲವೆಂದು ಗೊತ್ತಿರುವ ಯಜಮಾನರು ಬಾಡಿಗೆ ಏರಿಸುತ್ತಾರೆ, ಅವರೂ ನಮ್ಮವರೇ. ರಾತ್ರಿ ಪಾಳಿಯ ವಾರಗಳಲ್ಲಿ ಅವಳ ತಂದೆ ಭದ್ರಾವತಿಯಿಂದ ಸ್ಕೂಟರಿನಲ್ಲಿ ಬಂದು ಮಗಳನ್ನು ಆಸ್ಪತ್ರೆಗೆ ಬಿಟ್ಟು ಹಿಂತಿರುಗುತ್ತಾರೆ. ಅವರಿಗೆ ಅರವತ್ತೆರಡು ವರ್ಷ. ಕಾಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು.

ಶಿವಮೊಗ್ಗದಲ್ಲಿ ಖಾಲಿ ಮನೆಯಿರುವ ಓದುಗರು ಮುಂದಿನ ಬಾರಿ ಬಾಡಿಗೆಗೆ ಕೇಳಿಕೊಂಡು ಬಂದವರ ಹೆಸರನ್ನು ಕೊನೆಯಲ್ಲಿ ಕೇಳಲಿ, ಕೇಳಿದ ಮೇಲೂ ಮಾತು ಬದಲಿಸದಿರಲಿ. ಪ್ರತಿ ಜಮಾಅತ್ ತನ್ನ ಶಾಸಕರಿಗೆ ಆ ಎರಡು ಕಲಮುಗಳ ಕುರಿತು ಒಂದು ಪತ್ರ ಬರೆಯಲಿ. ಪತ್ರದ ಪ್ರತಿಯನ್ನೂ ಬಂದ ಉತ್ತರವನ್ನೂ ನಮಗೆ ಕಳಿಸಿದರೆ, ಇನ್‌ಶಾ ಅಲ್ಲಾಹ್, ಈ ಪುಟಗಳಲ್ಲಿ ಪ್ರಕಟಿಸುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಪ್ರಕಟಿಸುತ್ತೇವೆ.